ಮರೆವಿಗೆ ವಿಟಮಿನ್: ಅಮೆರಿಕದ ಸುದ್ದಿ, ಬೆಂಗಳೂರಿನ ರಕ್ತ

ದಿನಕ್ಕೊಂದು ಮಲ್ಟಿವಿಟಮಿನ್ ನುಂಗಿದರೆ ನೆನಪು ಮಾಸುವುದು ಎರಡು ವರ್ಷ ಮುಂದಕ್ಕೆ ಹೋಗುತ್ತದೆ ಎಂಬ ಸುದ್ದಿ 2024ರ ಜನವರಿಯಲ್ಲಿ ಅಮೆರಿಕದಿಂದ ಹೊರಟಿತು. ಅದು ಇನ್ನೂ ಓಡಾಡುತ್ತಲೇ ಇದೆ. ಆಗಾಗ ಹೊಸ ಶೀರ್ಷಿಕೆ ತೊಟ್ಟು ವಾಟ್ಸ್‌ಆ್ಯಪ್ ಗುಂಪುಗಳಿಗೆ ಮರಳುತ್ತದೆ. ಅದರ ಕೆಳಗೇ ಯಾರಾದರೂ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯನ್ನು ತಂದು ಅಂಟಿಸುತ್ತಾರೆ. ಬಿ ವಿಟಮಿನ್, ಇ ವಿಟಮಿನ್, ಒಮೆಗಾ-3ರಂತಹ ಕೊಬ್ಬಿನಾಮ್ಲ, ಹಲವು ಪೋಷಕಾಂಶ ಬೆರೆಸಿದ ಮಾತ್ರೆ, ಇವು ಯಾವುದನ್ನೂ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ತಡೆಯಲೆಂದು ಶಿಫಾರಸು ಮಾಡಬಾರದು ಎಂದು ಅದು ಹೇಳುತ್ತದೆ. ಓದಿದವರಿಗೆ ತಲೆ ಕೆಡುತ್ತದೆ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲ?

ಎರಡೂ ಸುಳ್ಳಲ್ಲ. ಆದರೆ ಎರಡನ್ನೂ ಹಾಗೆಯೇ ಎತ್ತಿ ಜಯನಗರದ ಊಟದ ಮೇಜಿನ ಮೇಲೆ ಇಟ್ಟರೆ ತಪ್ಪಾಗುತ್ತದೆ. ಆ ಮೇಜಿನ ಮೇಲೆ ಸಾಮಾನ್ಯವಾಗಿ ಏನಿರುತ್ತದೆ ನೋಡಿ. ಹಳೆಯ ಸ್ಟೀಲ್ ಡಬ್ಬಿಯೊಂದರಲ್ಲಿ ಶುಗರ್ ಮಾತ್ರೆ, ಬಿಪಿ ಮಾತ್ರೆ, ಬೆಳಗ್ಗೆ ಕಾಫಿಗೆ ಮೊದಲು ನುಂಗುವ ಗ್ಯಾಸ್ ಮಾತ್ರೆ. ಪಕ್ಕದಲ್ಲಿ ಮಗನೋ ಮಗಳೋ ಅಮೆರಿಕದಿಂದ ಸೂಟ್‌ಕೇಸಿನಲ್ಲಿ ತಂದ ದೊಡ್ಡ ವಿಟಮಿನ್ ಡಬ್ಬಿ. ಇವುಗಳಲ್ಲಿ ನೆನಪಿಗೂ ಮರೆವಿಗೂ ಹೆಚ್ಚು ಸಂಬಂಧಪಟ್ಟದ್ದು ಯಾವುದು ಎಂದು ಕೇಳಿದರೆ ಬಹಳ ಮಂದಿ ಸೂಟ್‌ಕೇಸಿನ ಡಬ್ಬಿಯತ್ತ ಕೈ ತೋರಿಸುತ್ತಾರೆ. ಉತ್ತರ ಸ್ಟೀಲ್ ಡಬ್ಬಿಯಲ್ಲಿದೆ.

ಇಪ್ಪತ್ತು ಪದಗಳ ಪರೀಕ್ಷೆ

ಮೊದಲು ಆ ‘ಎರಡು ವರ್ಷ’ದ ಲೆಕ್ಕ. ಸುದ್ದಿಯ ಮೂಲ ಕಾಸ್ಮಾಸ್ ಎಂಬ ದೊಡ್ಡ ಪ್ರಯೋಗ. ಅದರ ಮೂರು ಉಪ ಅಧ್ಯಯನಗಳಲ್ಲಿ 60 ದಾಟಿದ ಐದು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಅರಿವಿನ ಸಾಮರ್ಥ್ಯವನ್ನು ಅಳೆದರು. ಅರ್ಧ ಜನರಿಗೆ ಮಲ್ಟಿವಿಟಮಿನ್, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಕ್ರಮ ಗಟ್ಟಿಯಾದದ್ದೇ.

ಈ ಮೂರರಲ್ಲಿ ಒಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ 20 ಪದಗಳು ಒಂದೊಂದಾಗಿ ಬಂದು ಹೋಗುತ್ತವೆ; ಮುಗಿದ ಕೂಡಲೇ ನೆನಪಿದ್ದಷ್ಟನ್ನು ಬರೆಯಬೇಕು. ವಿಟಮಿನ್ ನುಂಗಿದವರು ಆರಂಭದಲ್ಲಿ ಸರಾಸರಿ 7.10 ಪದ ನೆನಪಿಟ್ಟುಕೊಂಡಿದ್ದರು; ಒಂದು ವರ್ಷದ ನಂತರ 7.81. ಹುಸಿಮಾತ್ರೆಯವರು 7.21ರಿಂದ 7.65ಕ್ಕೆ ಏರಿದರು. ಹುಸಿಮಾತ್ರೆಯಲ್ಲೂ ಏರಿದ್ದು ಹೇಗೆ ಎಂದರೆ, ಒಮ್ಮೆ ಬರೆದ ಪರೀಕ್ಷೆಯನ್ನು ಮತ್ತೊಮ್ಮೆ ಬರೆದರೆ ಕೈ ಪಳಗುತ್ತದೆ. ಎರಡು ಗುಂಪುಗಳ ಏರಿಕೆಗಳ ನಡುವಿನ ಅಂತರ ಒಂದು ಪದದ ಕಾಲು ಭಾಗದಷ್ಟು.

ಕಾಲು ಪದ ‘ವರ್ಷ’ಗಳಾದದ್ದು ಹೀಗೆ: ಆರೋಗ್ಯವಂತ ಹಿರಿಯರಲ್ಲಿ ಈ ಪರೀಕ್ಷೆಯ ಅಂಕ ವರ್ಷವರ್ಷಕ್ಕೆ ಇಳಿಯುವುದು ತೀರಾ ಅಲ್ಪ. ಆ ಅಲ್ಪದಿಂದ ಕಾಲು ಪದವನ್ನು ಭಾಗಿಸಿದಾಗ ಮೂರು ವರ್ಷ ಎಂದು ಬಂತು. ಮೂರೂ ಅಧ್ಯಯನಗಳನ್ನು ಒಟ್ಟು ಮಾಡಿ ಬೇರೆ ಬೇರೆ ಪರೀಕ್ಷೆಗಳನ್ನು ಸೇರಿಸಿದಾಗ ಎರಡು ವರ್ಷ ಎಂದಾಯಿತು. ಗಣಿತದಲ್ಲಿ ಮೋಸವಿಲ್ಲ. ಆದರೆ ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವವರಿಗೆ ಕಾಲು ಪದದಿಂದ ಏನಾದರೂ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂಬುದು ಬೇರೆಯ ಪ್ರಶ್ನೆ. ಇನ್ನೂ ಮುಖ್ಯವಾದ ಮಾತೆಂದರೆ, ಇದರಲ್ಲಿ ಪಾಲ್ಗೊಂಡವರು ಬಹುಮಟ್ಟಿಗೆ ಆರೋಗ್ಯವಂತ ಸ್ವಯಂಸೇವಕರು. ಈಗಾಗಲೇ ಮರೆವು ಕಾಣಿಸಿಕೊಂಡವರಿಗೆ, ಅಲ್ಝೈಮರ್ ಇದ್ದವರಿಗೆ ಈ ಮಾತ್ರೆ ಏನು ಮಾಡುತ್ತದೆ ಎಂದು ಈ ಪ್ರಯೋಗ ಕೇಳಲೇ ಇಲ್ಲ. ಸುದ್ದಿಯನ್ನು ಹಂಚಿಕೊಳ್ಳುತ್ತಿರುವುದು ಮಾತ್ರ ಹೆಚ್ಚಾಗಿ ಅಂಥವರ ಮನೆಯವರೇ.

‘ಪ್ರಯೋಜನವಿಲ್ಲ’ ಎಂದವರು ನೋಡಿದ್ದೇನು

ಎದುರು ಪಾಳೆಯದ ಪುರಾವೆಯೂ ಕಡಿಮೆಯದಲ್ಲ. ಅಮೆರಿಕದ ಸುಮಾರು ಆರು ಸಾವಿರ ಹಿರಿಯ ಪುರುಷ ವೈದ್ಯರು ಹನ್ನೆರಡು ವರ್ಷ ಮಲ್ಟಿವಿಟಮಿನ್ ಅಥವಾ ಹುಸಿಮಾತ್ರೆ ನುಂಗಿದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ಅರಿವಿನ ಸಾಮರ್ಥ್ಯದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. 2014ರಲ್ಲಿ ಬಿ ವಿಟಮಿನ್‌ಗಳ ಹನ್ನೊಂದು ಪ್ರಯೋಗಗಳ, ಸುಮಾರು 22 ಸಾವಿರ ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಅಷ್ಟೆ.

ಇ ವಿಟಮಿನ್‌ನದು ಸ್ವಲ್ಪ ತೊಡಕಿನ ಕಥೆ. ಮರೆವಿನ ಆರಂಭದ ಹಂತದಲ್ಲಿರುವವರಿಗೆ ಅದನ್ನು ಕೊಟ್ಟು ನೋಡಿದಾಗ, ಅವರು ಅಲ್ಝೈಮರ್‌ನತ್ತ ಜಾರುವುದು ನಿಧಾನವಾಗಲಿಲ್ಲ ಎಂದು 2005ರಲ್ಲಿ ಗೊತ್ತಾಯಿತು. ಈಗಾಗಲೇ ಅಲ್ಝೈಮರ್ ಇದ್ದ 613 ನಿವೃತ್ತ ಸೈನಿಕರ ಮೇಲಿನ ಪ್ರಯೋಗದಲ್ಲಿ, 2014ರಲ್ಲಿ, ದಿನಕ್ಕೆ 2000 ಯೂನಿಟ್ ಪಡೆದವರು ಸ್ನಾನ, ಉಡುಪು, ಊಟದಂಥ ನಿತ್ಯದ ಕೆಲಸಗಳಲ್ಲಿ ಪರಾವಲಂಬಿಗಳಾಗುವುದು ಸ್ವಲ್ಪ ನಿಧಾನವಾಯಿತು, ನೆನಪು ಸುಧಾರಿಸಲಿಲ್ಲ. 2000 ಯೂನಿಟ್ ಎಂಬುದು ಆಟದ ಪ್ರಮಾಣವಲ್ಲ. ರಕ್ತ ತೆಳುಮಾಡುವ ವಾರ್ಫರಿನ್‌ನಂಥ ಮಾತ್ರೆ ನುಂಗುವವರಲ್ಲಿ ಅದು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ವೈದ್ಯರ ಕಣ್ಗಾವಲಿಲ್ಲದೆ ಮುಟ್ಟುವ ವಸ್ತುವಲ್ಲ.

ವಿಶ್ವ ಆರೋಗ್ಯ ಸಂಸ್ಥೆ ‘ಬೇಡ’ ಎಂದದ್ದು ಇಂಥ ಫಲಿತಾಂಶಗಳ ರಾಶಿಯನ್ನು ನೋಡಿ. ಅದು ಹೇಳಿದ್ದು ಕೊರತೆ ಇಲ್ಲದವರು ಡಿಮೆನ್ಷಿಯಾ ಬಾರದಿರಲೆಂದು ನುಂಗುವ ಮಾತ್ರೆಯ ವಿಷಯ. ಕೊರತೆ ಇದ್ದರೆ ತುಂಬಿಸಬೇಡಿ ಎಂದು ಯಾರೂ ಹೇಳಿಲ್ಲ. ಈ ಒಂದು ಎಳೆ ಸುದ್ದಿಯಲ್ಲಿ ಪ್ರತಿ ಸಲ ಕಳಚಿಹೋಗುತ್ತದೆ.

ಆಕ್ಸ್‌ಫರ್ಡ್‌ನ ತಕರಾರು

ಇವೆರಡರ ನಡುವೆ ಮೂರನೆಯ ದನಿಯೊಂದಿದೆ. ನಮ್ಮ ಮಟ್ಟಿಗೆ ಅದೇ ಹೆಚ್ಚು ಪ್ರಸ್ತುತ. ಆಕ್ಸ್‌ಫರ್ಡ್‌ನ ಸಂಶೋಧಕ ಡೇವಿಡ್ ಸ್ಮಿತ್ ಮತ್ತು ಸಂಗಡಿಗರು ಕೇಳುವ ಪ್ರಶ್ನೆ ಸರಳ: ಬೀಳದವನನ್ನು ಹಿಡಿದು ನಿಲ್ಲಿಸಿದೆ ಎಂದು ತೋರಿಸುವುದು ಹೇಗೆ? ಬಿ ವಿಟಮಿನ್ ಪ್ರಯೋಗಗಳಲ್ಲಿ ಹೆಚ್ಚಿನವರು ಕುಸಿತವೇ ಇಲ್ಲದ ಜನ. ಹುಸಿಮಾತ್ರೆಯ ಗುಂಪು ಎರಡು ವರ್ಷಗಳಲ್ಲಿ ಇಳಿಯದೇ ಹೋದರೆ, ವಿಟಮಿನ್ ಗುಂಪು ಇಳಿಯದಿದ್ದುದಕ್ಕೆ ಮಾತ್ರೆಯೇ ಕಾರಣ ಎಂದು ಸಾಧಿಸಲು ಬರುವುದಿಲ್ಲ.

ಅವರು ಹಿಡಿದದ್ದು ಹೋಮೊಸಿಸ್ಟೀನ್‌ನ ಜಾಡು. ನಾವು ತಿಂದ ಪ್ರೋಟೀನ್ ಅರಗುವ ಹಾದಿಯಲ್ಲಿ ಉಂಟಾಗುವ ಅಮೈನೊ ಆಮ್ಲ ಅದು. ಬಿ12, ಫೋಲೇಟ್ (ಮಾತ್ರೆಯಲ್ಲಿ ಇದರ ಹೆಸರು ಫೋಲಿಕ್ ಆಮ್ಲ), ಬಿ6 ಸಾಕಷ್ಟಿದ್ದರೆ ದೇಹ ಅದನ್ನು ಬೇರೆ ಉಪಯುಕ್ತ ವಸ್ತುಗಳಾಗಿ ಮಾರ್ಪಡಿಸಿಕೊಳ್ಳುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಕೂಡಿಕೊಳ್ಳುತ್ತದೆ. ಹೀಗೆ ಕೂಡಿಕೊಂಡವರಲ್ಲಿ ಮಿದುಳು ಬೇಗ ಕುಗ್ಗುವುದು ಕಂಡುಬಂದಿದೆ. ಸೌಮ್ಯ ಮರೆವು ಇದ್ದ, 70 ದಾಟಿದವರಿಗೆ ಅವರು ಈ ಮೂರು ವಿಟಮಿನ್‌ಗಳನ್ನು ಎರಡು ವರ್ಷ ಕೊಟ್ಟು, ಮೊದಲು ಮತ್ತು ನಂತರ ಎಂಆರ್‌ಐ ಮಾಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ: ಹುಸಿಮಾತ್ರೆಯವರ ಮಿದುಳು ವರ್ಷಕ್ಕೆ ಸರಾಸರಿ ಶೇ 1.08ರಷ್ಟು ಕುಗ್ಗಿದರೆ, ವಿಟಮಿನ್ ಪಡೆದವರದು ಶೇ 0.76ರಷ್ಟು. ಹೋಮೊಸಿಸ್ಟೀನ್ ಹೆಚ್ಚಿದ್ದವರಲ್ಲಿ ಕುಗ್ಗುವ ವೇಗ ಅರ್ಧಕ್ಕಿಂತ ಕಡಿಮೆಯಾಯಿತು. ಹೋಮೊಸಿಸ್ಟೀನ್ ಕಡಿಮೆ ಇದ್ದವರಲ್ಲಿ ಹೇಳಿಕೊಳ್ಳುವಂಥ ಲಾಭವಿರಲಿಲ್ಲ.

ಇದಕ್ಕೂ ಮಿತಿಯಿದೆ. ಎರಡೂ ಬಾರಿ ಎಂಆರ್‌ಐ ಮುಗಿಸಿದವರು 168 ಮಂದಿ ಮಾತ್ರ. ಮಿದುಳಿನ ಗಾತ್ರ ಉಳಿದರೆ ಬದುಕಿನ ಗುಣಮಟ್ಟವೂ ಉಳಿಯುತ್ತದೆ ಎಂದು ನೇರವಾಗಿ ಹೇಳಲು ಬಾರದು. ಆದರೂ ಅದರ ತಿರುಳು ಮುಖ್ಯ: ಅದೇ ಮಾತ್ರೆ, ಅದೇ ಪ್ರಮಾಣ, ಕೊರತೆಯ ಲಕ್ಷಣ ಇದ್ದವರಿಗೆ ಹಿಡಿಯಿತು, ಇಲ್ಲದವರಿಗೆ ಹಿಡಿಯಲಿಲ್ಲ.

ಇಲ್ಲಿನ ಊಟ, ಇಲ್ಲಿನ ಮಾತ್ರೆ

ಈಗ ಬೆಂಗಳೂರಿಗೆ ಬರೋಣ. ಅಮೆರಿಕದಲ್ಲಿ 1998ರಿಂದ ಗೋಧಿಹಿಟ್ಟಿನಂಥ ಧಾನ್ಯೋತ್ಪನ್ನಗಳಿಗೆ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯ. ಅಲ್ಲಿನವರ ಊಟದಲ್ಲಿ ಮಾಂಸ, ಮೊಟ್ಟೆ, ಮೀನು ಧಾರಾಳ. ಹೊಟ್ಟೆ ತುಂಬಿದವರಿಗೆ ಇನ್ನೊಂದು ತುತ್ತು ಕೊಟ್ಟು ನೋಡಿದ ಪ್ರಯೋಗಗಳು ಅವು. ಅವುಗಳ ‘ಲಾಭವಿಲ್ಲ’ ಎಂಬ ಉತ್ತರವನ್ನು, ದಶಕಗಳಿಂದ ಸಸ್ಯಾಹಾರದಲ್ಲೇ ಇರುವ ಬಸವನಗುಡಿಯ 75ರ ಹಿರಿಯರಿಗೆ ಅನ್ವಯಿಸುವುದು ಸರಿಯಲ್ಲ. ‘ಎರಡು ವರ್ಷ ಲಾಭ’ವನ್ನು ಅನ್ವಯಿಸುವುದೂ ಸರಿಯಲ್ಲ.

ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಮಾತ್ರ. ಪ್ರಾಣಿಗಳ ಮೂಲಕ ಅದು ನಮಗೆ ಬರುತ್ತದೆ. ರಾಗಿಯಲ್ಲಿ ಇಲ್ಲ, ಬೇಳೆಯಲ್ಲಿ ಇಲ್ಲ, ಸೊಪ್ಪಿನಲ್ಲಿ ಇಲ್ಲ. ಸಸ್ಯಾಹಾರಿಗೆ ಉಳಿದದ್ದು ಹಾಲು, ಮೊಸರು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.2 ಮೈಕ್ರೊಗ್ರಾಂ; ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಇರುವುದು ಅರ್ಧ ಮೈಕ್ರೊಗ್ರಾಂ ಆಸುಪಾಸು. ಅಂದರೆ ದಿನಕ್ಕೆ ಹೆಚ್ಚೂಕಡಿಮೆ ಅರ್ಧ ಲೀಟರ್ ಗಟ್ಟಿ ಹಾಲೋ ಮೊಸರೋ ಒಳಗೆ ಹೋಗಬೇಕು. ಎರಡು ಲೋಟ ಕಾಫಿಗೆ ಬಿದ್ದ ಹಾಲು, ಊಟದ ಕೊನೆಯ ನೀರು ಮಜ್ಜಿಗೆ ಈ ಲೆಕ್ಕವನ್ನು ತುಂಬುವುದಿಲ್ಲ.

ತಿಂದದ್ದೆಲ್ಲ ರಕ್ತ ಸೇರುತ್ತದೆ ಎಂದೂ ಇಲ್ಲ. ಆಹಾರದಲ್ಲಿ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಜಠರದ ಆಮ್ಲ. ಬಿಡಿಸಿಕೊಂಡ ಬಿ12, ಜಠರದಲ್ಲೇ ಸ್ರವಿಸುವ ಒಂದು ವಿಶೇಷ ಪ್ರೋಟೀನಿನ ಕೈ ಹಿಡಿದು, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ರಕ್ತ ಸೇರಬೇಕು. ವಯಸ್ಸಾದಂತೆ ಹಲವರಲ್ಲಿ ಜಠರದ ಒಳಪದರ ತೆಳುವಾಗಿ ಆಮ್ಲ ಕಡಿಮೆಯಾಗುತ್ತದೆ. ಇಲ್ಲಿ ಸ್ಟೀಲ್ ಡಬ್ಬಿ ನೆನಪಿಸಿಕೊಳ್ಳಿ. ಅದರಲ್ಲಿರುವ ಗ್ಯಾಸ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್ ಅಥವಾ ಅದರ ದಾಯಾದಿ, ಉಳಿದಿರುವ ಆಮ್ಲವನ್ನೂ ಅಡಗಿಸುತ್ತದೆ. ಎರಡು ವಾರಕ್ಕೆಂದು ಬರೆದುಕೊಟ್ಟದ್ದು ಹತ್ತು ವರ್ಷ ನಡೆದಿರುವ ಮನೆಗಳು ಎಷ್ಟೋ. ಶುಗರ್ ಮಾತ್ರೆಗಳಲ್ಲಿ ಅತಿ ಸಾಮಾನ್ಯವಾದ ಮೆಟ್‌ಫಾರ್ಮಿನ್ ಕರುಳಿನ ಆ ಕೊನೆಯ ಭಾಗದಲ್ಲಿ ಬಿ12 ಹೀರುವುದನ್ನು ತಗ್ಗಿಸುತ್ತದೆ. ಪ್ರಮಾಣ ಹೆಚ್ಚಿದಷ್ಟೂ, ವರ್ಷ ಕಳೆದಷ್ಟೂ ಕೊರತೆ ಹೆಚ್ಚು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಮೆಟ್‌ಫಾರ್ಮಿನ್‌ನ ಸಾಮಾನ್ಯ ಅಡ್ಡಪರಿಣಾಮ ಎಂದೇ ಹೇಳಿ, ಅಪಾಯವಿರುವವರ ಬಿ12 ಮಟ್ಟವನ್ನು ಆಗಾಗ ಪರೀಕ್ಷಿಸುವಂತೆ ಸೂಚಿಸಿತು. ಇದರರ್ಥ ಆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬೇಕು ಎಂದಲ್ಲ. ಶುಗರ್ ಏರಿದರೆ ಮಿದುಳಿಗೆ ಇನ್ನೂ ಕೇಡು.

ಸಸ್ಯಾಹಾರ, ವಯಸ್ಸು, ಗ್ಯಾಸ್ ಮಾತ್ರೆ, ಮೆಟ್‌ಫಾರ್ಮಿನ್. ಬೆಂಗಳೂರಿನಲ್ಲಿ ಈ ನಾಲ್ಕೂ ಒಬ್ಬರಲ್ಲೇ ಸೇರುವುದು ಆಶ್ಚರ್ಯವಲ್ಲ. ಯಕೃತ್ತಿನಲ್ಲಿ ಹಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ನರಗಳ ಮೇಲಿನ ಮಯಲಿನ್ ಹೊದಿಕೆ ಹಾಳಾಗುತ್ತಾ ಪಾದಗಳಲ್ಲಿ ಜೋಮು, ಉರಿ, ಕತ್ತಲಲ್ಲಿ ನಡೆಯುವಾಗ ತೂರಾಟ, ಮಂಕು, ಸಿಡುಕು, ಮರೆವು ಕಾಣಿಸಿಕೊಳ್ಳುತ್ತವೆ. ರಕ್ತಹೀನತೆ ಇಲ್ಲದೆಯೂ ಇವೆಲ್ಲ ಬರಬಹುದು. ಮನೆಯವರು ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುತ್ತಾರೆ.

ನಿಮ್ಹಾನ್ಸ್‌ನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಡಿಮೆನ್ಷಿಯಾ ಎಂದು ಬಂದ 129 ಮಂದಿಯಲ್ಲಿ ಶೇ 18ರಷ್ಟು ಮಂದಿಗೆ ಚಿಕಿತ್ಸೆಯಿಂದ ಸರಿಪಡಿಸಬಹುದಾದ ಕಾರಣಗಳು ಸಿಕ್ಕವು. ಮಿದುಳಿನ ಸೋಂಕಿನಂಥವುಗಳ ಜೊತೆಗೆ ಬಿ12 ಕೊರತೆಯೂ ಆ ಪಟ್ಟಿಯಲ್ಲಿತ್ತು. ದೊಡ್ಡಾಸ್ಪತ್ರೆಗೆ ಬರುವವರ ಲೆಕ್ಕವನ್ನು ಇಡೀ ಊರಿಗೆ ಹಿಗ್ಗಿಸಬಾರದು, ನಿಜ. ಆದರೆ ಪರೀಕ್ಷೆ ಮಾಡದೇ ಹೋದರೆ ಆ ಶೇ 18ರಲ್ಲಿ ತಾವಿದ್ದೇವೆಯೇ ಎಂದು ಯಾರಿಗೂ ತಿಳಿಯುವುದಿಲ್ಲ.

1500 ಮೈಕ್ರೊಗ್ರಾಂ ಯಾಕೆ

ಮೆಡಿಕಲ್ ಶಾಪ್‌ನಲ್ಲಿ ‘ನರದ ಮಾತ್ರೆ’ ಎಂದು ಕೊಡುವ ಪಟ್ಟಿಯ ಹಿಂಬದಿಯನ್ನು ಓದಿದರೆ ‘ಮೀಥೈಲ್‌ಕೋಬಾಲಮಿನ್ 1500 ಮೈಕ್ರೊಗ್ರಾಂ’ ಎಂದಿರುತ್ತದೆ. ಅದು ಬಿ12ರ ಒಂದು ರೂಪ. ಬೇಕಾದದ್ದು 2.2, ಕೊಡುವುದು 1500! ಇದು ದಂಧೆ ಎಂದು ಹುಬ್ಬೇರಿಸುವವರಿದ್ದಾರೆ. ಇದರಲ್ಲಿ ಮಾತ್ರ ಅಂಗಡಿಯವರ ತಪ್ಪಿಲ್ಲ. ಜಠರದ ಆ ವಿಶೇಷ ಪ್ರೋಟೀನ್ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಮೈಕ್ರೊಗ್ರಾಂ ಮಾತ್ರ ಹೊರಬಲ್ಲದು. ಅದನ್ನು ಬಿಟ್ಟರೆ, ನುಂಗಿದ್ದರಲ್ಲಿ ಸುಮಾರು ಶೇ 1ರಷ್ಟು ಯಾರ ಹಂಗೂ ಇಲ್ಲದೆ ತಾನೇ ಕರುಳಿನಿಂದ ಜಿನುಗುತ್ತದೆ. 1500ರಲ್ಲಿ ಶೇ 1 ಎಂದರೆ 15. ಕೊರತೆ ತುಂಬಲು ಅಷ್ಟು ಸಾಕು. ಮಾತ್ರೆಯಲ್ಲಿನ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ಆಮ್ಲ ಕಡಿಮೆ ಇರುವವರಿಗೂ ದಕ್ಕುತ್ತದೆ. 50 ದಾಟಿದವರು ಬಿ12ರ ಹೆಚ್ಚಿನ ಪಾಲನ್ನು ಬಲವರ್ಧಿತ ಆಹಾರ ಅಥವಾ ಮಾತ್ರೆಯಿಂದಲೇ ಪಡೆಯುವುದು ಲೇಸು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1998ರಲ್ಲೇ ಹೇಳಿದ್ದೂ ಇದೇ ಕಾರಣಕ್ಕೆ. ನರದ ತೊಂದರೆ ಕಾಣಿಸಿಕೊಂಡಿದ್ದರೆ ವೈದ್ಯರು ಕೆಂಪು ಬಣ್ಣದ ಇಂಜೆಕ್ಷನ್‌ನಿಂದಲೇ ಆರಂಭಿಸುತ್ತಾರೆ.

‘ನಾರ್ಮಲ್’ ಎಂಬ ವರದಿಯನ್ನು ಎಷ್ಟು ನಂಬಬೇಕು ಎಂಬುದರಲ್ಲೂ ಈಗ ಚರ್ಚೆಯಿದೆ. ಪ್ರಯೋಗಾಲಯಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೊಗ್ರಾಂ ದಾಟಿದರೆ ಸರಿ ಎನ್ನುತ್ತವೆ. 200ರಿಂದ 300ರ ನಡುವಿನದು ಅನುಮಾನದ ವಲಯ. ಅಲ್ಲಿ ಹೋಮೊಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ದಾರಿ ತೋರಿಸುತ್ತದೆ; ಬಿ12 ಸಾಲದಿದ್ದರೆ ಇವೆರಡೂ ರಕ್ತದಲ್ಲಿ ಏರುತ್ತವೆ. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 231 ಆರೋಗ್ಯವಂತ ಹಿರಿಯರನ್ನು ನೋಡಿ 2025ರಲ್ಲಿ ಹೇಳಿದ್ದೆಂದರೆ, ಮಟ್ಟ ‘ನಾರ್ಮಲ್’ ಒಳಗಿದ್ದರೂ ಸಕ್ರಿಯ ಬಿ12, ಅಂದರೆ ಜೀವಕೋಶಗಳಿಗೆ ದಕ್ಕುವ ಪಾಲು, ಕಡಿಮೆ ಇದ್ದವರಲ್ಲಿ ಯೋಚನೆಯ ವೇಗ ತಗ್ಗಿತ್ತು. ಇದು ನಂಟು ತೋರಿಸುವ ಅಧ್ಯಯನ, ಮಾತ್ರೆ ಕೊಟ್ಟು ನೋಡಿದ ಪ್ರಯೋಗವಲ್ಲ.

ಮಾತ್ರೆಯೇ ಮಂಕು ಕವಿಸಿದಾಗ

‘ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲವಲ್ಲ’ ಎಂಬ ಸಮಾಧಾನ ಇಡೀ ವ್ಯಾಪಾರದ ಅಡಿಪಾಯ. ಅದು ಅಷ್ಟು ಗಟ್ಟಿಯಲ್ಲ.

ಡಿ ವಿಟಮಿನ್ ತೆಗೆದುಕೊಳ್ಳಿ. 60,000 ಯೂನಿಟ್‌ನ ಮಾತ್ರೆಯನ್ನು ವಾರಕ್ಕೊಂದರಂತೆ ಕೆಲವು ವಾರ ಎಂದು ವೈದ್ಯರು ಬರೆಯುತ್ತಾರೆ. ಚೀಟಿ ಕಳೆದುಹೋಗಿ, ಅದೇ ಮಾತ್ರೆ ದಿನಕ್ಕೊಂದರಂತೆ ತಿಂಗಳುಗಟ್ಟಲೆ ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದ ಹಿರಿಯರಲ್ಲಿ ಕಾಣುವುದೇನು? ಮಂಪರು, ಗೊಂದಲ, ಮಾತಿನ ತಪ್ಪು. ಮನೆಯವರಿಗೆ ಅದು ಮರೆವು ಹೆಚ್ಚಾದಂತೆಯೇ ತೋರುತ್ತದೆ; ಇನ್ನೂ ಒಂದು ವಿಟಮಿನ್ ಸೇರ್ಪಡೆಯಾಗುತ್ತದೆ. ಬಿ6 ಅನ್ನು ದೊಡ್ಡ ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ನರಗಳೇ ಹಾಳಾಗುತ್ತವೆ. ನರಕ್ಕೆಂದು ನುಂಗಿದ್ದೇ ನರಕ್ಕೆ ಮುಳುವಾಗುವ ವಿಚಿತ್ರ ಇದು. ಬಿ12 ಕೊರತೆ ಇರುವಾಗ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಸರಿಹೋಗಿ ವರದಿ ಚೆನ್ನಾಗಿ ಕಾಣುತ್ತದೆ, ಒಳಗೆ ನರದ ಹಾನಿ ಮುಂದುವರಿಯುತ್ತದೆ.

ಇನ್ನೊಂದು ತೊಂದರೆ ಪರೀಕ್ಷೆಯನ್ನೇ ದಾರಿ ತಪ್ಪಿಸುವುದು. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಬಹಳ ಇರುತ್ತದೆ. ಅದು ಹಲವು ಪ್ರಯೋಗಾಲಯ ವಿಧಾನಗಳಲ್ಲಿ ಥೈರಾಯ್ಡ್ ವರದಿಯನ್ನು ತಪ್ಪಾಗಿಸುತ್ತದೆ. ಥೈರಾಯ್ಡ್ ಕುಂದಿದ್ದರೂ ಮರೆವು ಬರುತ್ತದೆ ಎಂಬುದನ್ನು ಇದರ ಜೊತೆ ಸೇರಿಸಿ ನೋಡಿ. ಹಾಗೆಯೇ ರಕ್ತ ಕೊಡುವ ಮೊದಲೇ ಎರಡು ವಾರ ಬಿ12 ನುಂಗಿದ್ದರೆ ಅಂಕಿ ಮೇಲೇರಿರುತ್ತದೆ; ಮೂಲ ಕೊರತೆ ಎಷ್ಟಿತ್ತು, ಮರೆವಿಗೆ ಅದೇ ಕಾರಣವೇ ಎಂದು ಹೇಳಲು ವೈದ್ಯರಿಗೆ ಆಧಾರವೇ ಉಳಿಯುವುದಿಲ್ಲ.

ಒಂದೆಲಗದ ವಿಚಾರ

ವಿಟಮಿನ್ ಬೇಡ, ಬ್ರಾಹ್ಮಿ ಸಾಕು ಎನ್ನುವವರಿಗೆ ಒಂದು ಮಾತು. ಕರಾವಳಿ, ಮಲೆನಾಡಿನವರು ಬ್ರಾಹ್ಮಿ ಎಂದು ತಂಬುಳಿ ಮಾಡುವುದು ಒಂದೆಲಗದಿಂದ. ಬ್ರಾಹ್ಮಿ ಕ್ಯಾಪ್ಸೂಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ನೀರು ಬ್ರಾಹ್ಮಿ. ಎರಡೂ ಬೇರೆ ಬೇರೆ ಗಿಡಗಳು. ಒಂದರ ಅಧ್ಯಯನವನ್ನು ಇನ್ನೊಂದಕ್ಕೆ ಸಾಕ್ಷಿ ಹಾಕಲಾಗದು. ತಂಬುಳಿ ರುಚಿಗೆ ಉಣ್ಣಿರಿ. ಅಂದಹಾಗೆ, ಪರದೇಶದ ‘ಬ್ರಾಹ್ಮಿ’ಯಂತಿರುವ ಗಿಂಕೊವನ್ನು ಮೂರು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ಕೊಟ್ಟು ನೋಡಿದಾಗ ಅದು ಡಿಮೆನ್ಷಿಯಾವನ್ನು ತಡೆಯಲಿಲ್ಲ ಎಂದು 2008ರಲ್ಲೇ ಗೊತ್ತಾಗಿದೆ.

ತಡವಾದರೆ ಏನು

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಈ ಸಂಖ್ಯೆ ಏರಿದಂತೆ ‘ಮಿದುಳಿನ ವಿಟಮಿನ್’ ಮಾರುಕಟ್ಟೆಯೂ ಏರುತ್ತದೆ. ಇಂಥ ಎಷ್ಟೋ ಡಬ್ಬಿಗಳು ಕಾನೂನಿನ ಕಣ್ಣಲ್ಲಿ ಔಷಧವಲ್ಲ, ಆಹಾರ. ‘ಔಷಧವಾಗಿ ಬಳಸಲು ಅಲ್ಲ’ ಎಂಬ ಒಕ್ಕಣೆ ಅವುಗಳ ಮೇಲೆಯೇ ಇರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಹೇಳುತ್ತದೆ. ಔಷಧಕ್ಕೆ ಬೇಕಾದ ಪ್ರಯೋಗದ ಪುರಾವೆಯನ್ನು ಅವುಗಳಿಂದ ಯಾರೂ ಕೇಳುವುದಿಲ್ಲ.

ದುಡ್ಡು ಹೋಗುವುದು ಸಣ್ಣ ನಷ್ಟ. ಕಾಲ ಹೋಗುವುದು ದೊಡ್ಡದು. ಬಿ12 ಕೊರತೆಯ ಹಾನಿ ಎಷ್ಟು ಹಿಂತಿರುಗುತ್ತದೆ ಎಂಬುದು ಕೊರತೆ ಎಷ್ಟು ಹಳೆಯದು ಎಂಬುದರ ಮೇಲೆ ನಿಂತಿದೆ. ಆರು ತಿಂಗಳು ತಪ್ಪು ಡಬ್ಬಿ ನಂಬಿ ಕೂತರೆ ಆ ಆರು ತಿಂಗಳು ಮರಳುವುದಿಲ್ಲ. ಕೊರತೆ ತುಂಬಿದ ಮೇಲೂ ಮರೆವು ಉಳಿಯಬಹುದು, ಏಕೆಂದರೆ ಬಿ12 ಕೊರತೆಯೂ ಅಲ್ಝೈಮರ್ ಕೂಡ ಒಬ್ಬರಲ್ಲೇ ಇರಲು ಅಡ್ಡಿಯಿಲ್ಲ. ಆಗ ಮುಂದಿನ ತಪಾಸಣೆ ಬೇಕು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿತು. ಶ್ರವಣದೋಷ, ಬಿಪಿ, ಶುಗರ್, ಕೆಟ್ಟ ಕೊಲೆಸ್ಟೆರಾಲ್, ದೃಷ್ಟಿದೋಷ, ಒಂಟಿತನ ಎಲ್ಲವೂ ಅದರಲ್ಲಿವೆ, ವಿಟಮಿನ್ ಇಲ್ಲ. ಸಾವಿರಾರು ರೂಪಾಯಿಯ ಡಬ್ಬಿಗೆ ಒಪ್ಪುವ ಎಷ್ಟೋ ಮನೆಗಳಲ್ಲಿ ಶ್ರವಣಯಂತ್ರಕ್ಕೆ ಮಾತ್ರ ‘ಈ ವಯಸ್ಸಿಗೆ ಯಾಕೆ’ ಎಂಬ ಮಾತು ಬರುತ್ತದೆ.

ನಗರದಲ್ಲಿ ದಾರಿಗಳಿಲ್ಲ ಎಂದಲ್ಲ. ನಿಮ್ಹಾನ್ಸ್ ಇದೆ, ಅದರ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮವಿದೆ. ನೆನಪಿನ ಶಕ್ತಿಯನ್ನು ಕನ್ನಡದಲ್ಲೇ ಅಳೆಯುವ, ಭಾರತೀಯರಿಗೆಂದೇ ರೂಪಿಸಿದ ಪರೀಕ್ಷೆಗಳಿವೆ. ಮೊದಲ ಭೇಟಿಗೆ ಹೋಗುವಾಗ ಮಾಡಬೇಕಾದದ್ದು ಇಷ್ಟೆ: ಹೊಸ ಮಾತ್ರೆ ಯಾವುದನ್ನೂ ಆರಂಭಿಸದೆ, ಸ್ಟೀಲ್ ಡಬ್ಬಿಯನ್ನೂ ಸೂಟ್‌ಕೇಸಿನ ಡಬ್ಬಿಯನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯುವುದು. ಗ್ಯಾಸ್ ಮಾತ್ರೆ ಎಷ್ಟು ವರ್ಷದಿಂದ ನಡೆದಿದೆ ಎಂಬುದನ್ನು, ಅವರು ಕೇಳದಿದ್ದರೂ, ಹೇಳುವುದು.